ಓಡುತ್ತೆ

ನಮ್ಮ ಗಲ್ಲಿಯಲ್ಲಿ ಎಲ್ಲರೂ ಅವನನ್ನು ಡಾಕ್ಟರು ಎನ್ನುತ್ತಿದ್ದರು. ಓದಿದ್ದು ಏಳನೇ ಕ್ಲಾಸು, ಕೈಯಲ್ಲಿದ್ದದ್ದು ಮೊಳದುದ್ದದ ಒಂದು ಸ್ಕ್ರೂಡ್ರೈವರ್. ಅದರ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದನೆಂದರೆ ಕಾರಿನ ಜಾತಕವೆಲ್ಲ ಹೊರಗೆ ಬರುತ್ತಿತ್ತು. ನನ್ನದು ಅವನ ಪಕ್ಕದ ಶೆಡ್ಡು. ನಾನು ಕಾರುಗಳಿಗೆ ಬಣ್ಣ ಹೊಡೆಯುವವನು. ಅಂದರೆ ಅವನು ಹುಡುಕುವುದನ್ನು ಮುಚ್ಚುವುದು ನನ್ನ ಕಸುಬು. ಹಾಗಿದ್ದೂ ಇಪ್ಪತ್ತು ವರ್ಷ ಇಬ್ಬರೂ ಊಟದ ಡಬ್ಬಿ ಹಂಚಿಕೊಂಡೆವು.

ಹಳೆಯ ದೊಡ್ಡ ಸೆಡಾನುಗಳೆಂದರೆ ಅವನಿಗೆ ಮೈಯೆಲ್ಲ ಉರಿ. ಹೊಸದಿದ್ದಾಗ ಸಾಹೇಬರದ್ದು, ಹಳೆಯದಾದ ಮೇಲೆ ಆಸೆಬುರುಕರದ್ದು ಎನ್ನುತ್ತಿದ್ದ. ಕೇಳಿದವರಿಗೆಲ್ಲ ಪುಕ್ಕಟೆ ಪಾಠ ಮಾಡುತ್ತಿದ್ದ. ಬೆಳಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಮಾರುವವನು ಏನೋ ಅಡಗಿಸಲು ಮೊದಲೇ ಓಡಿಸಿಟ್ಟಿದ್ದಾನೆ. ಸ್ಟಾರ್ಟ್ ಆದ ಕೂಡಲೇ ಟೈಮಿಂಗ್ ಚೈನು ಕಟಕಟ ಅನ್ನುತ್ತದೆಯೋ ಕೇಳಿ. ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆ ಕಂಡರೆ ನೀರು ಸೇರಿದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಕೆಸರಿನ ಗೆರೆ ಇದ್ದರೆ ಅದು ನೆರೆಯಲ್ಲಿ ಮುಳುಗಿದ ಗಾಡಿ. ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಗೇರ್ ಬದಲಾಗುವಾಗ ಜಗ್ಗಿದರೆ ಕೈಮುಗಿದು ಬನ್ನಿ. ಎಲ್ಲಕ್ಕಿಂತ ಮುಖ್ಯ, ಕೆಳಗೆ ಮಲಗಿ ನೋಡಿ. ಅಷ್ಟು ಭಾರದ ಗಾಡಿಯ ಮುಂದಿನ ಚಕ್ರವನ್ನು ಹಿಡಿದಿಡುವುದು ಲೋಯರ್ ಆರ್ಮ್ ಎಂಬ ಒಂದು ಕಬ್ಬಿಣದ ತೋಳು. ಅದು ಕೂರುವ ಜಾಗಕ್ಕೆ ತುಕ್ಕು ಹಿಡಿದಿದ್ದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ದಂಡ. ಜನ ಮಾತ್ರ ಸೀಟು ಒತ್ತಿ, ಹಾಡು ಹಾಕಿ ನೋಡಿ ತೆಗೆದುಕೊಂಡು ಹೋಗುತ್ತಾರೆ, ಬುದ್ಧಿಗೇಡಿಗಳು.

ಇಷ್ಟೆಲ್ಲ ಗೊತ್ತಿದ್ದವನಿಗೆ ಒಂದು ಮಾತು ಮಾತ್ರ ಬರುತ್ತಿರಲಿಲ್ಲ. ‘ಬೇಡ’ ಎನ್ನುವ ಮಾತು. ಗಲ್ಲಿಯ ತುದಿಯಲ್ಲಿದ್ದ ಹಳೆ ಕಾರಿನ ಯಾರ್ಡಿನವನೇ ಅವನಿಗೆ ಅರ್ಧ ಕೆಲಸ ಕೊಡುತ್ತಿದ್ದ, ನನಗೆ ಮುಕ್ಕಾಲು. ಕಾರು ತೋರಿಸುವಾಗ ಯಾರ್ಡಿನವನು ಪಕ್ಕದಲ್ಲೇ ನಿಂತಿರುತ್ತಿದ್ದ. ಅದಕ್ಕೇ ಡಾಕ್ಟರು ಒಂದು ಉಪಾಯ ಮಾಡಿಕೊಂಡಿದ್ದ. ಕಾರು ಚೆನ್ನಾಗಿದ್ದರೆ ‘ತಗೊಳ್ಳಿ’ ಎನ್ನುತ್ತಿದ್ದ. ಕೆಟ್ಟದ್ದಾಗಿದ್ದರೆ ಕೈ ಒರೆಸಿಕೊಳ್ಳುತ್ತಾ ‘ಓಡುತ್ತೆ’ ಎನ್ನುತ್ತಿದ್ದ. ಹಾಗಂದರೆ ಸದ್ದಿಲ್ಲದೆ ಜಾಗ ಖಾಲಿ ಮಾಡಿ ಎಂದರ್ಥ. ದಲ್ಲಾಳಿಗಳಿಗೆ, ಪಂಕ್ಚರ್ ಹಾಕುವವನಿಗೆ, ಚಹಾದವನಿಗೆ ಕೂಡ ಅದು ಗೊತ್ತಿತ್ತು. ಗಿರಾಕಿಗಳಿಗೆ ದಲ್ಲಾಳಿಗಳು ಮೊದಲೇ ಕಿವಿಯಲ್ಲಿ ಊದಿರುತ್ತಿದ್ದರು.

ಅವನನ್ನು ಸಾಕಿದ್ದು ಅಕ್ಕ. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹದಿನಾಲ್ಕು. ಅವನ ಮೊದಲ ಸ್ಪ್ಯಾನರ್ ಸೆಟ್ಟು ಅವಳು ಬಟ್ಟೆ ಹೊಲಿದು ಕೊಡಿಸಿದ್ದು. ಈಗ ಭಾವನ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆ ಮೂರು ಸಲ ದೂರದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಬಾತುಹೋದ ಕಾಲುಗಳನ್ನು ಮಡಚಿಕೊಂಡು ಬಸ್ಸಿನಲ್ಲಿ ಕೂರಲು ಆಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗುವಂಥ ದೊಡ್ಡ ಕಾರು ಬೇಕು, ತಾನೇ ಓಡಿಸುತ್ತೇನೆ ಎಂದು ಅಕ್ಕ ಹಟ ಹಿಡಿದಳು.

ಒಂದು ಮಂಗಳವಾರ, ತಮ್ಮನಿಗೂ ಹೇಳದೆ, ದಲ್ಲಾಳಿಯನ್ನೂ ಹಿಡಿಯದೆ, ನೇರವಾಗಿ ಯಾರ್ಡಿಗೆ ಬಂದಳು. ಅವಳಿಗೆ ಹಿಡಿಸಿದ್ದು ಬೂದು ಬಣ್ಣದ ಒಂದು ಸೆಡಾನು. ಅದು ನನ್ನ ಕೈ ದಾಟಿ ಬಂದದ್ದು. ಹಿಂದಿನ ವಾರವೇ ಅದರ ಲೋಯರ್ ಆರ್ಮ್ ಕೂರುವ ಜಾಗದಲ್ಲಿ ತುಕ್ಕು ತಿಂದ ತೂತುಗಳಿಗೆ ಪುಟ್ಟಿ ಮೆತ್ತಿ, ಮೇಲೆ ಕಪ್ಪು ಬಣ್ಣ ಹೊಡೆದಿದ್ದೆ. ಹೊಟ್ಟೆಪಾಡು ಎಂದು ಆಗ ಅಂದುಕೊಂಡಿದ್ದೆ. ಈಗ ಆ ಮಾತು ಬಾಯಿಗೆ ಬಂದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಅವಳು ಕರೆಸಿದ ಮೇಲೆ ಡಾಕ್ಟರು ಬಂದು, ಕೆಳಗೆ ಮಲಗಿ ಸ್ಕ್ರೂಡ್ರೈವರಿನಿಂದ ಬಡಿದು ನೋಡಿದ. ಕಬ್ಬಿಣದ ಸದ್ದು ಬರಲಿಲ್ಲ. ಅಲ್ಲಿಂದಲೇ ತಲೆ ಹೊರಳಿಸಿ, ಯಾರ್ಡಿನ ಬಾಗಿಲಲ್ಲಿ ನಿಂತಿದ್ದ ನನ್ನನ್ನೊಮ್ಮೆ ನೋಡಿದ. ನಾನು ಮುಖ ತಿರುಗಿಸಿದೆ. ಎದ್ದು ಬಂದವನಿಗೆ ಒಂದು ಕಡೆ ಅಕ್ಕ, ಇನ್ನೊಂದು ಕಡೆ ಯಾರ್ಡಿನವನು. ಕೈ ಒರೆಸಿಕೊಳ್ಳುತ್ತಾ, ಅಭ್ಯಾಸಬಲದಿಂದ, “ಓಡುತ್ತೆ” ಅಂದ.

ಸಂಜೆ ಮನೆಗೆ ಹೋಗಿ ಬಿಡಿಸಿ ಹೇಳಿದರಾಯಿತು ಎಂದುಕೊಂಡಿದ್ದ. ಅಷ್ಟರಲ್ಲಿ ಶೆಡ್ಡಿನಲ್ಲಿ ಬಿಚ್ಚಿಟ್ಟಿದ್ದ ಇನ್ನೊಂದು ಗಾಡಿಯವರು ಕರೆದರು, ಹೋದ. ವಾಪಸು ಬರುವಾಗ ಅಕ್ಕ ಕಾಗದಕ್ಕೆ ಸಹಿ ಹಾಕಿ, ಕಾರು ಹತ್ತಿ ಹೋಗಿಯಾಗಿತ್ತು. ತಮ್ಮ ಓಡುತ್ತೆ ಅಂದ ಮೇಲೆ ಇನ್ನೇನು?

ಸಂಜೆ ಹೋದಾಗ ಭಾವ ನಿಂತ ಕಾರಿನ ಹಿಂದಿನ ಸೀಟಿನಲ್ಲೇ ಕಾಲು ಚಾಚಿ ಮಲಗಿದ್ದರಂತೆ, ಎಷ್ಟೋ ತಿಂಗಳ ಮೇಲೆ ನಗುತ್ತಿದ್ದರಂತೆ. ಅದನ್ನು ನೋಡಿ ಇವನ ನಾಲಿಗೆ ಬಿದ್ದುಹೋಯಿತು. ಭಾನುವಾರ ಸಣ್ಣ ಕೆಲಸವಿದೆ, ಗಾಡಿ ತಂದುಬಿಡು, ಅಲ್ಲಿಯವರೆಗೆ ನಿಧಾನಕ್ಕೆ ಓಡಿಸು ಎಂದಷ್ಟೇ ಹೇಳಿ ಬಂದ. ಮರುದಿನ ವೆಲ್ಡಿಂಗಿಗೆ ಬೇಕಾದ ತಗಡು ಕತ್ತರಿಸಿ ಇಟ್ಟುಕೊಂಡ. ನಾನೂ ಬಾಯಿಗೆ ಬೀಗ ಹಾಕಿಕೊಂಡು ನೋಡುತ್ತಿದ್ದೆ.

ಶುಕ್ರವಾರ ಆಸ್ಪತ್ರೆಯಿಂದ ಬರುವಾಗ, ಇಳಿಜಾರಿನ ತಿರುವಿನಲ್ಲಿ, ಎಡಗಡೆಯ ಮುಂದಿನ ಚಕ್ರ ಕಿತ್ತುಬಂದು ಒಳಕ್ಕೆ ಮಡಚಿಕೊಂಡಿತು. ಭಾವ ಅಲ್ಲೇ ಹೋದರು. ಅಕ್ಕನ ಸೊಂಟ ಮುರಿಯಿತು.

ಡಾಕ್ಟರು ಆಮೇಲೆ ಯಾವ ಕಾರನ್ನೂ ನೋಡಿ ಹೇಳಲಿಲ್ಲ. ಸ್ಕ್ರೂಡ್ರೈವರನ್ನು ಏನು ಮಾಡಿದನೋ ನಾನು ಕೇಳಲಿಲ್ಲ. ಈಗ ಬರೀ ಆಯಿಲ್ ಬದಲಾಯಿಸುತ್ತಾನೆ.

ಐದು ತಿಂಗಳ ಮೇಲೆ ಅಕ್ಕ ಊರುಗೋಲು ಹಿಡಿದು ಗಲ್ಲಿಗೆ ಬಂದಳು. ಆಟೋ ಇಳಿದ ಕಡೆ ಚಹಾದವನು ಮರುಕಪಟ್ಟು ಏನೋ ಆಡಿಬಿಟ್ಟಿದ್ದ. ಶೆಡ್ಡಿನ ಮುಂದೆ ನಿಂತು, ದನಿ ಏರಿಸದೆ ಕೇಳಿದಳು.

“ಓಡುತ್ತೆ ಅಂದ್ರೆ ಬೇಡ ಅಂತ ಅರ್ಥವಂತೆ. ಹೌದೇನೋ?”

ಅವನು ತಲೆ ಎತ್ತದೆ ಹೌದು ಅಂದ.

“ಈ ಗಲ್ಲಿಗೆಲ್ಲ ಗೊತ್ತಿತ್ತು. ನನಗೊಬ್ಬಳಿಗೆ ಹೇಳೋಕೆ ಏನಾಗಿತ್ತು?”

ಅವಳು ಊರುಗೋಲಿಗೆ ಜೋತುಬಿದ್ದಳು. ನಾನು ಸ್ಟೂಲು ತಂದು ಕೂರಿಸಿ ನೀರು ಕೊಟ್ಟೆ. ಲೋಟ ಹಿಡಿದ ನನ್ನ ಉಗುರ ಸಂದಿಯಲ್ಲಿ ಅದೇ ಕಪ್ಪು ಬಣ್ಣ ಇತ್ತು. ಅವಳು ನೀರು ಕುಡಿದು ನನ್ನ ಮುಖ ನೋಡಿದಳು.

“ಕಾರು ಹಾಗಿದೆ ಅಂತ ನಿಮಗೂ ಗೊತ್ತಿತ್ತಾ?”

“ನಾನು ಬಣ್ಣ ಹೊಡೆಯೋನು ತಾಯಿ,” ಅಂದೆ. “ನನಗೇನು ಗೊತ್ತಾಗುತ್ತೆ?”

ಡಾಕ್ಟರು ಮೊದಲ ಸಲ ತಲೆ ಎತ್ತಿ ನನ್ನ ಕಡೆ ನೋಡಿದ. ಈಗ ಹೇಳುತ್ತಾನೆ ಎಂದು ಕಾದೆ. ಹೇಳಲಿ ಎಂದೂ ಅನ್ನಿಸಿತು. ಅವನು ಕೈ ಒರೆಸಿಕೊಂಡ, ಅಕ್ಕನ ಕೈಯಿಂದ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದ.