ಮೂರು ನಗುವ ಮುಖ

ಹುಣಸೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ವಾರಪೂರ್ತಿ ವೆಬ್‌ಪುಟ ಮಾಡುವುದನ್ನೂ ಎಐ ಬಳಸುವುದನ್ನೂ ಕಲಿತೆ. ಕಲಿತದ್ದಕ್ಕಿಂತ ಹಲ್ಲು ಕಡಿದದ್ದೇ ಹೆಚ್ಚು.

ಸೋಮವಾರ ನನ್ನ ಮೊದಲ ಪುಟದಲ್ಲಿ ಶೀರ್ಷಿಕೆ ಶುರುವಾದಲ್ಲಿ ಹಾಕಿದ ಟ್ಯಾಗ್ ಎಂಬ ಗುರುತನ್ನು ಅದು ಮುಗಿದಲ್ಲಿ ಮುಚ್ಚುವುದನ್ನು ಮರೆತಿದ್ದೆ. ಅಕ್ಷರಗಳೆಲ್ಲ ಕುಂಬಳಕಾಯಿಯಷ್ಟು ದಪ್ಪಗಾದವು. ಮೈಸೂರಿನಿಂದ ಬರುತ್ತಿದ್ದ ಮೇಷ್ಟ್ರು, ನನ್ನ ಮಗನ ವಯಸ್ಸಿನವನು, ಅದನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ತೋರಿಸಿದ. "ಮೇಡಂ, ಇದು ಹೊಗೆಸೊಪ್ಪು ಕಟ್ಟಿದಷ್ಟು ಸುಲಭ ಅಲ್ಲ" ಎಂದ. ಸಾಲದ್ದಕ್ಕೆ ಫೋಟೊ ತೆಗೆದು ಕ್ಲಾಸಿನ ಗ್ರೂಪಿಗೂ ಹಾಕಿದ. ಕೆಳಗೆ ಮೂರು ನಗುವ ಮುಖ.

ಸೊಪ್ಪು ಕಟ್ಟುವುದು ಸುಲಭವಂತೆ! ಇಪ್ಪತ್ತು ವರ್ಷ ಕಡ್ಡಿಗೆ ಎಲೆ ಕಟ್ಟಿದವಳು ನಾನು. ಮೊದಲ ಗಂಟು ಹಾಕಿದವರು ಕೊನೆಯ ಗಂಟನ್ನೂ ಹಾಕಬೇಕು, ಇಲ್ಲದಿದ್ದರೆ ಎಲೆಯೆಲ್ಲ ಜಾರಿ ನೆಲಕ್ಕೆ. ಟ್ಯಾಗೂ ಅಷ್ಟೇ. ಮಂಗಳವಾರದಿಂದ ಒಂದನ್ನೂ ಮುಚ್ಚದೆ ಬಿಡಲಿಲ್ಲ. ಇವನಿಗೂ ಒಂದು ಗತಿ ಕಾಣಿಸಬೇಕೆಂದುಕೊಂಡೆ.

ಶನಿವಾರ ಮಧ್ಯಾಹ್ನ ಬೆಳೆಗಾರರನ್ನು ಕರೆಸಿ ಪ್ರದರ್ಶನ ಇಟ್ಟಿದ್ದರು. ಬೆಳಿಗ್ಗೆ ಅವನು ಎಐಗೆ ಎರಡು ಸಾಲು ಹೇಳಿ, ಹೊಗೆಸೊಪ್ಪು ಬೇಯಿಸುವುದರ, ಅಂದರೆ ಕಾವು ಕೊಟ್ಟು ಒಣಗಿಸುವುದರ ಬಗ್ಗೆ ಪುಟ ಮಾಡಿಸಿದ. ನೋಡಲು ಚೆಂದವಿತ್ತು. ಆದರೆ ಹಸಿ ಎಲೆಯನ್ನು ಬೇಯಿಸುವ ಮನೆಗೆ, ನಮ್ಮ ಬ್ಯಾರನ್ನಿಗೆ, ತುಂಬಿದ ಮೊದಲ ದಿನವೇ ಬೆಂಕಿ ಜೋರು ಮಾಡಿ ಎಂದಿತ್ತು. ಹಾಗೆ ಮಾಡಿದರೆ ಎಲೆ ಹಳದಿಗೆ ತಿರುಗದೆ ಹಸಿರಾಗಿಯೇ ಒಣಗುತ್ತದೆ. ನಮ್ಮ ಕಡೆ ಹಲ್ಲು ಬಾರದ ಮಗುವಿಗೂ ಗೊತ್ತು.

"ಹೇಗಿದೆ ಮೇಡಂ?" ಎಂದು ನನ್ನನ್ನೇ ಕೇಳಿದ.

"ಬಾಳ ಚೆಂದಾಗದೆ ಸಾರ್" ಎಂದೆ. ಹೊಟ್ಟೆ ತಣ್ಣಗಾಯಿತು.

ಮಧ್ಯಾಹ್ನ ಅವನು ಆ ಪುಟವನ್ನು ಜೋರಾಗಿ ಓದಿದ. ಪಿರಿಯಾಪಟ್ಟಣದ ಹಿರಿಯ ಬೆಳೆಗಾರರೊಬ್ಬರು ಎದ್ದು ನಿಂತರು. "ಅಂಗ್ ಬೇಯ್ಸುದ್ರೆ ದನಾನೂ ಮೂಸಲ್ಲ ಕಣಪ್ಪ. ಯಾರ್ ಏಳ್ಕೊಟ್ರು ನಿಂಗೆ?" ಎಂದರು. ಇಡೀ ಹಾಲ್ ನಕ್ಕಿತು, ಅವನ ಕಿವಿ ಕೆಂಪಾಯಿತು. ನಾನು ಹೋಗಿ ಕೀಬೋರ್ಡ್ ಎಳೆದುಕೊಂಡೆ. ಮೊದಲು ಸಣ್ಣ ಕಾವು, ಎಲೆ ಹಳದಿಯಾದ ಮೇಲೆ ಬೆಂಕಿ ಎಂದು ಎಲ್ಲರೆದುರು ತಿದ್ದಿದೆ. ಟ್ಯಾಗನ್ನೂ ಮುಚ್ಚಿದೆ.

ಹೊರಗೆ ಬಂದಾಗ ಅವನು ತಡೆದು ನಿಲ್ಲಿಸಿದ. "ನಿಮಗೆ ಬೆಳಿಗ್ಗೆನೇ ಗೊತ್ತಿತ್ತಲ್ವಾ? ಪಕ್ಕಕ್ಕೆ ಕರೆದು ಹೇಳಬಹುದಿತ್ತು."

"ಸೋಮ್ವಾರ ನೀವು ನನ್ನ ಪಕ್ಕಕ್ಕೆ ಕರ್ದು ಏಳುದ್ರಾ ಸಾರ್?"

ನಾನು ಬಸ್ಸು ಹತ್ತಿ, ಬೆಳಿಗ್ಗೆಯೇ ತೆಗೆದಿಟ್ಟುಕೊಂಡಿದ್ದ ಆ ತಪ್ಪು ಪುಟದ ಫೋಟೊವನ್ನು ಗ್ರೂಪಿಗೆ ಹಾಕಿದೆ. ಕೆಳಗೆ ನಗುವ ಮುಖ ಒತ್ತಿದೆ. ಮೂರೇ ಮೂರು.