ಲೋರಾ ಫೆಂಟನ್ ಹಾಡದ ಹಾಡು

ಲೋರಾ ಫೆಂಟನ್‌ಳ ಗುಟ್ಟನ್ನು ಪತ್ರಿಕೆಯವನ ಕಿವಿಗೆ ಹಾಕಿದವಳು ನಾನು. ಬಾಯಿ ತಪ್ಪಿ ಅಲ್ಲ, ತಿಳಿಯದೆಯೂ ಅಲ್ಲ — ಬೇಕೆಂದೇ ಹಾಕಿದೆ.

ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಶಿಕಾಗೋದಿಂದ ಡೆಟ್ರಾಯಿಟ್‌ವರೆಗೆ ನಮ್ಮ ಕನ್ನಡದ ಮನೆಗಳಲ್ಲಿ ಈ ಕತೆ ಬೇರೆಯೇ ಥರ ಓಡಾಡುತ್ತಿದೆ. ಊಟದ ತಟ್ಟೆ ಕೈಯಲ್ಲಿ ಹಿಡಿದು ಯಾರಾದರೂ ಶುರು ಮಾಡುತ್ತಾರೆ: “ನಮ್ಮ ವಿಶಾಲೂ ಎಂಥಾ ಪೆದ್ದು ಗೊತ್ತೇನ್ರೀ? ನಮ್ಮ ಸಿನಿಮಾದಲ್ಲಿ ಹೀರೋಯಿನ್ ಹಾಡೋದೇ ಇಲ್ವಲ್ಲ, ಇಲ್ಲೂ ಅದೇನೂ ಗುಟ್ಟಲ್ಲ ಅಂದ್ಕೊಂಡು ಪೇಪರ್‌ನೋನಿಗೆ ಹೇಳ್ಬಿಟ್ಟಿದಾಳೆ!” ಎಲ್ಲರೂ ನಗುತ್ತಾರೆ. ಏಳು ವರ್ಷದಿಂದ ನಾನೂ ಜೊತೆಗೆ ನಕ್ಕಿದ್ದೇನೆ. ಈಗ ಕನ್ನಡ ಸಂಘದ ಸಂಚಿಕೆಗೆ ಅದನ್ನೇ ಒಂದು ಹಾಸ್ಯ ಲೇಖನ ಮಾಡಿ ಕೊಡಿ ಎಂದಿದ್ದಾರೆ. ಹಾಸ್ಯವಂತೆ! ಇದೋ, ಬರೆಯುತ್ತಿದ್ದೇನೆ. ಅಚ್ಚು ಹಾಕುತ್ತಾರೋ ಬಿಡುತ್ತಾರೋ ಅವರಿಗೆ ಬಿಟ್ಟದ್ದು.

ಲೋರಾ ಯಾರೆಂದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಎರಡನೇ ಮಹಾಯುದ್ಧದ ಕಾಲದ ಹಾಲಿವುಡ್ಡಿನಲ್ಲಿ ಹಾಡುತ್ತಾ ಕುಣಿಯುತ್ತಾ ನಾಯಕಿಯಾಗಿದ್ದವಳು. ನಾನು ಕಂಡಾಗ ಅವಳಿಗೆ ಐವತ್ತು ದಾಟಿತ್ತು. ಶಿಕಾಗೋದ ಹೊರವಲಯದಲ್ಲಿ ಆಗ ಊಟದ ಜೊತೆ ನಾಟಕ ತೋರಿಸುವ ಥಿಯೇಟರುಗಳಿದ್ದವು. ಜನ ಮಾಂಸದ ತುಂಡು ಕತ್ತರಿಸುತ್ತಾ ನೋಡುತ್ತಿದ್ದರು. ಅಂಥದ್ದೊಂದರಲ್ಲಿ ಅವಳಿಗೆ ಆರು ವಾರದ ಕಾರ್ಯಕ್ರಮ. ನನಗೆ ಅಲ್ಲಿ ಉಡುಪಿನ ಕೆಲಸ. ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿದ್ದಕ್ಕೆ ಈ ದೇಶದಲ್ಲಿ ಯಾರೂ ಕೆಲಸ ಕೊಡಲಿಲ್ಲ, ಅಮ್ಮ ಕಲಿಸಿದ ರವಿಕೆ ಹೊಲಿಗೆಗೆ ಕೊಟ್ಟರು.

ಮೊದಲ ದಿನವೇ ಅವಳ ಹಳೆಯ ಗೌನು ಸೊಂಟದ ಹತ್ತಿರ ಬಿಗಿಯಾಯಿತು. ಏನೂ ಮಾತಾಡದೆ ಹೊಲಿಗೆ ಬಿಚ್ಚಿ, ಒಳಗೆ ಮಡಿಸಿದ್ದ ಬಟ್ಟೆಯನ್ನು ಹೊರಕ್ಕೆ ಬಿಟ್ಟು, ಮತ್ತೆ ಹೊಲಿದುಕೊಟ್ಟೆ. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡಿ ಹೆಸರು ಕೇಳಿದಳು. ಎಲ್ಲರೂ ನನ್ನನ್ನು ವಿಶ್ ಎನ್ನುತ್ತಾರೆ ಎಂದೆ. “ಎಲ್ಲರೂ ಏನನ್ನುತ್ತಾರೆಂದು ಕೇಳಲಿಲ್ಲ” ಎಂದಳು. ಮೂರು ದಿನ ಕಷ್ಟಪಟ್ಟು ವಿಶಾಲಾಕ್ಷಿ ಎನ್ನಲು ಕಲಿತಳು. ಅವಳು ಡೆಟ್ರಾಯಿಟ್‌ನ ಕಾರ್ ಕಾರ್ಖಾನೆ ಕೆಲಸಗಾರನ ಮಗಳು, ಪೋಲೆಂಡ್ ಮೂಲದವಳು. ಅಪ್ಪ ಇಟ್ಟ ಉದ್ದನೆಯ ಹೆಸರನ್ನು ಹದಿನೇಳನೇ ವಯಸ್ಸಿನಲ್ಲಿ ಸ್ಟುಡಿಯೋದವರು ಕಿತ್ತುಹಾಕಿ ಲೋರಾ ಫೆಂಟನ್ ಎಂದು ಇಟ್ಟಿದ್ದರು. ಹಲ್ಲು ಕೂಡ ಬದಲಾಯಿಸಿದ್ದರಂತೆ.

ಹನ್ನೊಂದು ಚಿತ್ರಗಳಲ್ಲಿ ಅವಳೇ ಹಾಡಿದ್ದಳು. ಹನ್ನೆರಡನೆಯದರ ಹೊತ್ತಿಗೆ ಗಂಟಲು ಕೆಟ್ಟಿತ್ತು. ವಿಶ್ರಾಂತಿ ಬೇಕೆಂದರೆ ಕೊಡಲಿಲ್ಲ. ಸ್ಟುಡಿಯೋದ ಡಾಕ್ಟರು ಚುಚ್ಚುಮದ್ದು ಕೊಟ್ಟು ಕೊಟ್ಟು ಹಾಡಿಸಿದ, ಒಂದು ದಿನ ದನಿಯೇ ಹೊರಡಲಿಲ್ಲ. ಆಗ ಹೆಸರಿಲ್ಲದ ಇನ್ನೊಬ್ಬ ಹುಡುಗಿಯನ್ನು ಕರೆತಂದು ಹಾಡಿಸಿ ಲೋರಾಳ ತುಟಿಗೆ ಹೊಂದಿಸಿದರು. ಇಬ್ಬರಿಂದಲೂ ಬಾಯಿ ಬಿಡುವುದಿಲ್ಲವೆಂದು ಬರೆಸಿಕೊಂಡರು. ಆ ಹಾಡೇ ದೇಶದ ತುಂಬ ಓಡಿತು — ಲೋರಾ ಎಲ್ಲಿ ಹೋದರೂ ಜನ ಕೇಳುವುದು ಅದನ್ನೇ! ಅವಳು ಶ್ರುತಿ ಇಳಿಸಿಕೊಂಡು ಹಾಡುತ್ತಿದ್ದಳು, ಜನ ‘ಪಾಪ, ವಯಸ್ಸಾಯಿತು’ ಎಂದು ಚಪ್ಪಾಳೆ ತಟ್ಟುತ್ತಿದ್ದರು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಸುಳ್ಳು ಕಟ್ಟಿದವರು ಕೋಟು ತೊಟ್ಟ ಗಂಡಸರು, ಅದನ್ನು ಹೊತ್ತು ತಿರುಗಿದವಳು ಇವಳು.

ಇದನ್ನು ಅವಳು ನನಗೆ ಹೇಳಿದ್ದು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ, ಒಂದು ಮಧ್ಯಾಹ್ನ. ನಾನು ಸಮಾಧಾನಕ್ಕೆ ಹೇಳಿದೆ — ನಮ್ಮಲ್ಲಿ ನಾಯಕಿಯರು ಯಾರೂ ಹಾಡುವುದಿಲ್ಲ, ಹಾಡುವವರೇ ಬೇರೆ, ಅವರ ಹೆಸರೂ ಪರದೆಯ ಮೇಲೆ ಬರುತ್ತದೆ, ಯಾರಿಗೂ ಅವಮಾನವಿಲ್ಲ ಎಂದು. ಅವಳು ನಕ್ಕಳು. ಆಮೇಲೆ ನನ್ನ ಕೈ ಹಿಡಿದು, “ಇಲ್ಲಿ ಹಾಗಲ್ಲ. ಆ ಸ್ಟುಡಿಯೋದವರನ್ನೂ ಹೆರಾಲ್ಡ್‌ನನ್ನೂ ಬಿಟ್ಟರೆ ಗೊತ್ತಿರುವುದು ನಿನಗೆ ಮಾತ್ರ” ಎಂದಳು. ಹೆರಾಲ್ಡ್ ಎಂದರೆ ಅವಳ ಪಿಯಾನೋದವನು. ಇಪ್ಪತ್ತೆರಡು ವರ್ಷದಿಂದ ಜೊತೆಗಿದ್ದವನು. ಅಂದರೆ ಇಲ್ಲಿ ಏನು, ಅಲ್ಲಿ ಏನು ಎಂಬುದು ನನಗೆ ಚೆನ್ನಾಗಿ ಅರ್ಥವಾಗಿತ್ತು.

ಹಾಗಾದರೆ ಏಕೆ —

ಒಂದು ಊಟಕ್ಕಾಗಿ. ಹೌದು, ಅಷ್ಟಕ್ಕೇ.

ಸೋಮವಾರ ಥಿಯೇಟರಿಗೆ ರಜೆ. ಅಲ್ಲೇ ಹತ್ತಿರದ ವುಡ್‌ರಿಡ್ಜ್‌ನ ನಮ್ಮ ಮನೆಗೆ ಊಟಕ್ಕೆ ಬಾ ಎಂದು ಕರೆದೆ. “ಯಾರ್ಯಾರು ಇರುತ್ತಾರೆ?” ಎಂದು ಕೇಳಿದಳು. ಮನೆಯವರು ಮಾತ್ರ ಎಂದೆ. ಒಪ್ಪಿಕೊಂಡಳು. ಆದರೆ ಹಾಲಿವುಡ್ ತಾರೆ ನಮ್ಮ ಮನೆಗೆ ಬರುತ್ತಾಳೆಂದ ಮೇಲೆ ಸುಮ್ಮನಿರುವುದು ಹೇಗೆ? ಒಬ್ಬರಿಗೆ ಫೋನು ಮಾಡಿದೆ, ಅವರು ನಾಲ್ವರಿಗೆ ಮಾಡಿದರು. ಕೆಲಸಕ್ಕೆ ರಜೆ ಹಾಕಿ ಹನ್ನೊಂದು ಕಾರಿನಲ್ಲಿ ಬಂದರು, ಡೆಟ್ರಾಯಿಟ್ ಕಡೆಯವರು ಐದು ಗಂಟೆ ಡ್ರೈವ್ ಮಾಡಿಕೊಂಡು. ನಮ್ಮಲ್ಲಿ ಹಾಡು ಬರುವ ಅತಿಥಿ ಊಟಕ್ಕೆ ಬಂದರೆ ಹಾಗೇ ಕಳಿಸುವ ಪದ್ಧತಿ ಇಲ್ಲವಲ್ಲ. ಎಲೆ ಎತ್ತಿದ ಕೂಡಲೇ ‘ಒಂದು ಹಾಡು ಹೇಳಿ’ ಎನ್ನಲೇಬೇಕು. ಒಬ್ಬರು ಕ್ಯಾಸೆಟ್ ರೆಕಾರ್ಡರ್ ತಂದು ಸೋಫಾದ ಪಕ್ಕದಲ್ಲಿ ಇಟ್ಟೇಬಿಟ್ಟಿದ್ದರು. ಯಾವ ಹಾಡು ಕೇಳಬೇಕೆಂದೂ ತೀರ್ಮಾನವಾಗಿತ್ತು. ಆ ಹಾಡೇ. ನಾನು ಬೇಡ ಎನ್ನಲಿಲ್ಲ.

ಲೋರಾ ಬರಲಿಲ್ಲ.

ಒಂದು ಗಂಟೆಯಾಯಿತು, ಎರಡಾಯಿತು. ಬಿಸಿಬೇಳೆಬಾತ್ ಪಾತ್ರೆಯಲ್ಲಿ ಗಟ್ಟಿಯಾಯಿತು. ಹೋಟೆಲಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. “ಎಲ್ಲಮ್ಮಾ ವಿಶಾಲೂ, ನಿಮ್ಮ ಸ್ಟಾರು? ಬಟ್ಟೆ ಹೊಲಿಯೋರ ಮನೆಗೆ ಅಂಥೋರು ಯಾಕ್ ಬರ್ತಾರೆ ಬಿಡಿ” ಎಂದು ಒಬ್ಬರು ತಮಾಷೆ ಮಾಡಿದರು. ಎಲ್ಲರೂ ನಕ್ಕರು, ನನ್ನ ಗಂಡ ರಾಮಣ್ಣನವರೂ ನಕ್ಕರು. ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಎನಿಸಿತು. ಮರುದಿನ ಲೋರಾ ಕನ್ನಡಿ ನೋಡಿಕೊಳ್ಳುತ್ತಾ, “ಅಯ್ಯೋ, ಅದು ನಿನ್ನೆಯಾಗಿತ್ತಾ?” ಎಂದಳು. ಒಂದು ಕ್ಷಮೆಯನ್ನೂ ಕೇಳಲಿಲ್ಲ. ಅವಳ ಬೆನ್ನಿನ ಗುಂಡಿ ಹಾಕುತ್ತಾ ಹಲ್ಲು ಕಚ್ಚಿಕೊಂಡೆ.

ಬುಧವಾರ ಮಧ್ಯಾಹ್ನದ ಆಟಕ್ಕೆ ಪತ್ರಿಕೆಯವನು ಬಂದ. ಮುಂದಿನ ತಿಂಗಳು ಡೆಟ್ರಾಯಿಟ್‌ನಲ್ಲಿ ಅವಳ ಕಾರ್ಯಕ್ರಮ — ಹುಟ್ಟಿದೂರಿನಲ್ಲಿ ಮೂವತ್ತು ವರ್ಷದ ಮೇಲೆ ಮೊದಲ ಸಲ. ಅದಕ್ಕಾಗಿ ಬರೆಯಲು ಬಂದವನು. ಬಟ್ಟೆ ಕೋಣೆಯ ಬಾಗಿಲಲ್ಲಿ ನಿಂತು ಸುಮ್ಮನೆ ಕೇಳಿದ: “ಆ ಹಾಡಿನಲ್ಲಿ ದನಿ ಅಷ್ಟು ಇಳಿದಿದೆಯಲ್ಲ, ವಯಸ್ಸೇ?”

“ವಯಸ್ಸಲ್ಲ” ಎಂದೆ. “ಆ ಹಾಡನ್ನು ಅವಳು ಹಾಡಿಯೇ ಇರಲಿಲ್ಲ.”

ಅವನ ಕಣ್ಣು ಅರಳಿತು. ಆಗಲೇ, ಆ ಕ್ಷಣದಲ್ಲೇ, ನಾನು ಮುಗ್ಧೆಯ ಮುಖ ಹಾಕಿಕೊಂಡೆ. ನಮ್ಮ ಇಂಡಿಯಾದಲ್ಲಿ ಇದೆಲ್ಲ ಮಾಮೂಲು, ಅಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದೆ. ಅಷ್ಟು ದೂರದ ನನ್ನ ಊರನ್ನು, ನನ್ನ ಭಾಷೆಯ ಸಿನಿಮಾವನ್ನು ತಂದು ನನ್ನ ಸೇಡಿಗೆ ಮುಚ್ಚಳ ಮಾಡಿದೆ. ಇದಕ್ಕಿಂತ ನಾಚಿಕೆಗೇಡು ಏನಿದೆ, ಹೇಳಿ?

ಅವನು ನನ್ನ ಹೆಸರು ಹಾಕಲಿಲ್ಲ. ‘ಲೋರಾಗೆ ತೀರ ಹತ್ತಿರದವರೊಬ್ಬರು’ ಎಂದು ಬರೆದ. ಭಾನುವಾರದ ಮಧ್ಯಾಹ್ನ ಅವಳು ಆ ಹಾಡು ಎತ್ತಿಕೊಂಡಾಗ ಹಿಂದಿನ ಮೇಜಿನಿಂದ ಒಬ್ಬ ಕೂಗಿದ: “ಇವತ್ತು ಯಾರು ಹಾಡುತ್ತಿರುವುದು?” ತಿನ್ನುತ್ತಿದ್ದ ಬಾಯಿಗಳೆಲ್ಲ ನಕ್ಕವು. ಅದೇ ಜನ! ಹಿಂದಿನ ವಾರ ಎದ್ದು ನಿಂತು ಚಪ್ಪಾಳೆ ತಟ್ಟಿದ ಅದೇ ಜನ! ಅವಳು ಹಾಡು ನಿಲ್ಲಿಸಲಿಲ್ಲ. ಕೊನೆಯ ಸಾಲಿನವರೆಗೂ ಹಾಡಿ ಒಳಗೆ ಬಂದಳು. ಡೆಟ್ರಾಯಿಟ್‌ನವರು ಎರಡು ದಿನ ಬಿಟ್ಟು ಕಾರ್ಯಕ್ರಮ ರದ್ದು ಮಾಡಿದರು.

ಆ ಸುದ್ದಿ ಬಂದ ದಿನ ಅವಳು ಹೆರಾಲ್ಡ್‌ನನ್ನು ಕರೆದಳು. ನಾನು ಗೌನಿನ ಅಂಚು ಹಿಡಿದು ನೆಲದ ಮೇಲೆ ಕೂತಿದ್ದೆ. “ನೀನು ಹೊರಡು” ಎಂದು ಅವನಿಗೆ ಹೇಳಿದಳು, ಅಷ್ಟೇ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ — ನನ್ನ ಮೇಲೆ ಅನುಮಾನ ಅವಳಿಗೆ ಬರಲೇ ಇಲ್ಲ. ನಾನು ತಲೆ ಎತ್ತಲಿಲ್ಲ.

ಹೊರಗಿನ ಕಾರಿಡಾರಿನಲ್ಲಿ ಹೆರಾಲ್ಡ್ ಪೆಟ್ಟಿಗೆ ಹಿಡಿದು ನಿಂತಿದ್ದ. “ನೀನಾ?” ಎಂದು ಕೇಳಿದ.

“ನಾನಲ್ಲ” ಎಂದೆ.

ನಂಬಿದ. ನಂಬಿದ್ದಷ್ಟೇ ಅಲ್ಲ, ಹೋಗುವ ಮುಂಚೆ ನನಗೊಂದು ಉಪಕಾರ ಮಾಡುವವನ ಹಾಗೆ ಹೇಳಿದ: “ಲೋರಾ ಮೇಲೆ ಬೇಸರ ಇಟ್ಟುಕೊಳ್ಳಬೇಡ. ಆ ಸೋಮವಾರ ನಾವು ಬಂದಿದ್ದೆವು. ನಿಮ್ಮ ಬೀದಿಯ ತಿರುವಿನವರೆಗೆ. ಅಷ್ಟೊಂದು ಕಾರು ನೋಡಿ ಅವಳು ಹೆದರಿದಳು. ಆ ಹಾಡನ್ನು ಕೇಳುತ್ತಾರೆ, ಇಷ್ಟು ಹತ್ತಿರದಿಂದ ಕೇಳಿದರೆ ಗೊತ್ತಾಗಿಬಿಡುತ್ತದೆ ಎಂದಳು. ನಿನಗೆ ಬೇಜಾರಾಗದಿರಲಿ ಎಂದು ಮರೆತೆ ಅಂದಿದ್ದಾಳೆ.”

ಆಗಲಾದರೂ ನಾನು ಒಳಗೆ ಹೋಗಿ ಹೇಳಬೇಕಿತ್ತು. ಹತ್ತು ಹೆಜ್ಜೆ ದೂರದಲ್ಲಿದ್ದಳು. ಹೋಗಲಿಲ್ಲ. ಮನೆಗೆ ಬಂದು ಅತ್ತೆ. ಗಂಡನಿಗೆ ಅರ್ಧ ಸತ್ಯ ಹೇಳಿದೆ — ತಿಳಿಯದೆ ಬಾಯಿಬಿಟ್ಟೆ ಎಂದೆ. “ನೀನೇನು ಬೇಕೂಂತ ಮಾಡಿದ್ಯಾ? ಬಿಡೇ” ಎಂದರು. ಆ ಮಾತು ಎಷ್ಟು ಹಿತವಾಗಿತ್ತೆಂದರೆ ಏಳು ವರ್ಷ ಅದರ ಕೆಳಗೇ ಮಲಗಿಬಿಟ್ಟೆ. ಅವರೇ ಅದನ್ನು ನಗೆಯ ಕತೆ ಮಾಡಿ ಹಂಚಿದ್ದು. ನಾನು ಬೇಡವೆನ್ನಲಿಲ್ಲ.

ಈ ಚಳಿಗಾಲದಲ್ಲಿ ಲೋರಾ ತೀರಿಕೊಂಡಳು. ಪತ್ರಿಕೆಯಲ್ಲಿ ಬೆರಳುದ್ದದ ಸುದ್ದಿ: ‘ತನ್ನ ಪ್ರಸಿದ್ಧ ಹಾಡನ್ನು ತಾನು ಹಾಡದ ನಟಿ’. ಅವಳೇ ಹಾಡಿದ ಹನ್ನೊಂದು ಚಿತ್ರಗಳ ಬಗ್ಗೆ ಒಂದಕ್ಷರ ಇಲ್ಲ. ಕಾಗದ ಹರಿದುಹಾಕಬೇಕೆನಿಸುವಷ್ಟು ಸಿಟ್ಟು ಬಂತು. ಯಾರ ಮೇಲೆ? ಆ ಸಾಲನ್ನು ಅವರ ಕೈಗೆ ಕೊಟ್ಟವಳು ನಾನೇ.

ಹೆರಾಲ್ಡ್ ಡೆಟ್ರಾಯಿಟ್ ಹತ್ತಿರದ ಪ್ಲಿಮತ್‌ನಲ್ಲಿ ಪಿಯಾನೋ ಪಾಠ ಹೇಳುತ್ತಿದ್ದಾನೆಂದು ಥಿಯೇಟರಿನ ಹಳಬರಿಂದ ಗೊತ್ತಿತ್ತು. ನೆಂಟರ ಮನೆಗೆಂದು ಎಷ್ಟು ಸಲ ಹೆದ್ದಾರಿಯಲ್ಲಿ ಆ ಊರಿನ ಎಕ್ಸಿಟ್ ದಾಟಿ ಹೋಗಿದ್ದೇನೋ. ಕಳೆದ ಶನಿವಾರ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋಗಿ ಬಾಗಿಲು ತಟ್ಟಿದೆ. ಕೂದಲು ಪೂರ್ತಿ ಬಿಳಿಯಾಗಿತ್ತು. ಗುರುತು ಹಿಡಿದು ನಕ್ಕ, ಒಳಗೆ ಬಾ ಎಂದ. ಹೊಸಿಲಿನ ಹೊರಗೇ ನಿಂತು ಎಲ್ಲವನ್ನೂ ಹೇಳಿದೆ. ನಮ್ಮ ಸಿನಿಮಾದ ಮಾತು ಎತ್ತಲಿಲ್ಲ.

ಆತ ಬೈಯಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದ: “ಲೋರಾಗೆ ಹೇಳಿದೆಯಾ? ಸಾಯುವ ಮುಂಚೆ ಅವಳಿಗೆ ಗೊತ್ತಾಯಿತಾ, ನಾನಲ್ಲ ಅಂತ?”

“ಇಲ್ಲ” ಎಂದೆ.

ಅವನು ಮೆಲ್ಲಗೆ ಬಾಗಿಲು ಹಾಕಿಕೊಂಡ. ಆ ಏಳು ವರ್ಷವೂ ಲೋರಾ ಬದುಕಿದ್ದಳು, ನಮ್ಮ ಮನೆಯಲ್ಲಿ ಟೆಲಿಫೋನ್ ಇತ್ತು.