ಭೂತಮ್ಮ ಹೆಸರಿಟ್ಟ ನೀರು

"ತಲೆನೀರೂ..."

ಮಾಯಸಂದ್ರದ ಆಚೆಗಿನ ಪುಟ್ಟ ಊರೊಂದರ ಕೆರೆ ಏರಿ. ಇನ್ನೂ ಮಬ್ಬುಗತ್ತಲು. ತೂಬಿನ ಕಲ್ಲಿನ ಮೇಲೆ ನಿಂತ ಭೂತಮ್ಮ ಮರದ ಬಿರಡೆಯನ್ನು ಮೇಲೆತ್ತಿ ಕೂಗುತ್ತಾರೆ. ಮೊದಲ ತೋಟದವರು ಆ ಕೂಗನ್ನು ಪಕ್ಕದ ತೋಟಕ್ಕೆ ದಾಟಿಸುತ್ತಾರೆ, ಅವರು ಮುಂದಿನವರಿಗೆ. ನೀರಿಗಿಂತ ಮೊದಲೇ ಅದರ ಹೆಸರು ಕಾಲುವೆಯ ಕೊನೆ ಮುಟ್ಟುತ್ತದೆ.

ಭೂತಮ್ಮ ಈ ಊರಿನ ನೀರುಗಂಟಿ. ಕೆರೆಯ ನೀರನ್ನು ತೆಂಗಿನ ತೋಟಗಳಿಗೆ ಸರದಿಯಂತೆ ಹಂಚುವವರು. ಅವರ ಬಾಯಲ್ಲಿ ಬರಿಯ ನೀರು ಎಂಬುದೇ ಇಲ್ಲ. ಕಸಕಡ್ಡಿ ಹೊತ್ತು ಮೊದಲು ಬರುವುದು ತಲೆನೀರು, ಅದು ದನಗಳ ತೊಟ್ಟಿಗೆ. ತಿಳಿಯಾಗಿ ಒಂದೇ ಸಮನೆ ಹರಿಯುವುದು ನಡುನೀರು, ಅದು ಸರದಿಯ ತೋಟಕ್ಕೆ. ತೂಬು ಮುಚ್ಚಿದ ಮೇಲೆ ಕಾಲುವೆಯಲ್ಲಿ ಉಳಿದದ್ದು ಕಡೆನೀರು, ಕಟ್ಟಕಡೆಯ ತೋಟದವರದು. ದಂಡೆಯಲ್ಲಿ ಜಿನುಗುವ ಬಸಿನೀರು ಮಾತ್ರ ಯಾರದ್ದೂ ಅಲ್ಲ, ಯಾರು ಬಳಸಿದರೂ ತಪ್ಪಿಲ್ಲ. ಭೂತಮ್ಮ ಕೂಗಿದ ಹೆಸರಿಗೆ ಎದುರಾಡುವವರಿಲ್ಲ. ಪಂಪ್‌ಸೆಟ್ ಹಾಕಿಸಿಕೊಂಡ ಹೊಸಬರು ಮಾತ್ರ "ಕರೆಂಟ್ ಬಂತು" ಎಂದಷ್ಟೇ ಕೂಗುತ್ತಾರೆ, ಪಾಪ, ಅವರ ನೀರಿಗೆ ಹೆಸರೇ ಇಲ್ಲ.

ಗಂಡ ಸಣ್ಣತಿಮ್ಮಯ್ಯ ತೀರಿಕೊಂಡಾಗ, ಹೆಂಗಸು ತೂಬು ಎತ್ತುವುದುಂಟೇ ಎಂದು ಊರು ಗೊಣಗಿತ್ತು. "ಗೊಣಗ್ಲಿ ಬುಡು ಅಂತ ಹೋಗಿ ಎತ್ತುದೆ ಕಣಪ್ಪ. ತೋಟ ಒಣಗ್ತಿದ್ವು. ನೀರು ಬಂದ್ಮೇಲೆ ಯಾರೂ ಉಸುರೆತ್ನಿಲ್ಲ," ಎಂದು, ಅವರ ಕೆಲಸ ನೋಡಲು ಬಂದ ನನಗೆ ಹೇಳಿ ಭೂತಮ್ಮ ನಗುತ್ತಾರೆ.

ಈ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ಕೆರೆಯ ಕೆಳಗೆ ಸ್ವಂತ ಬೆಳೆ ಇರುವವರು ತೂಬು ಮುಟ್ಟುವಂತಿಲ್ಲ. ಭೂತಮ್ಮನಿಗೆ ಗೇಣು ನೆಲವೂ ಇಲ್ಲ. ಆದರೆ ಹಿಂದೊಮ್ಮೆ ಕಾಲುವೆಯಲ್ಲಿ ತೇಲಿ ಬಂದ ತೆಂಗಿನಕಾಯೊಂದು ಅವರ ಗುಡಿಸಲ ಹಿಂದೆ ಸಿಕ್ಕಿಕೊಂಡು ಮೊಳೆತುಬಿಟ್ಟಿತು. ಕೀಳಲು ಮನಸ್ಸು ಬರಲಿಲ್ಲ.

ಮೂರು ವರ್ಷದ ಹಿಂದೆ, ಎಂಬತ್ತೊಂದರ ಬೇಸಿಗೆಯಲ್ಲಿ ತೋಟಗಳ ಗರಿ ಜೋತುಬಿದ್ದವು. ದೊಡ್ಡ ತೋಟದ ಕಾಡಸಿದ್ದಪ್ಪನವರ ಕಣ್ಣಿಗೆ ಈ ಒಂದು ಮರದ ಹಸಿರು ಬಿತ್ತು. ಅರಳಿಕಟ್ಟೆಯ ಮೇಲೆ ಎಲ್ಲರೆದುರು ಹೇಳಿಬಿಟ್ಟರು: "ಮರ ಕಡೀಲಿ, ಇಲ್ಲ ತೂಬಿನ ಕೆಲ್ಸ ಬುಡ್ಲಿ."

ಅದು ಕುಡಿದದ್ದು ಬಸಿನೀರು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಭೂತಮ್ಮ ಹೇಳಲಿಲ್ಲ. ಏಕೆಂದು ಕೇಳಿದೆ. "ನೀರಿಗೆ ಹೆಸ್ರು ಇಕ್ಕೋಳು ನಾನು. ನನ್ನ ಮರದ ನೀರಿಗೂ ನಾನೇ ಇಕ್ಕಂಡ್ರೆ, ನಾಳೆ ನನ್ನ ಕೂಗ ಯಾರು ನಂಬ್ತಾರೆ?"

ಮರುದಿನವೇ ಗುದ್ದಲಿ ಹಿಡಿದು ಮರಕ್ಕೂ ಕಾಲುವೆಗೂ ನಡುವೆ ಎದೆಮಟ್ಟ ಅಗೆದರು. ಕಾಲುವೆಯತ್ತ ಚಾಚಿದ್ದ ಬೇರು ಕಡಿದು, ಗುಂಡಿಗೆ ಜೇಡಿಮಣ್ಣು ತುಂಬಿ ತುಳಿದರು. ಕಾಲುವೆಯ ನೀರು ಕುಡಿಯದ ಮರ ಕೆರೆಯ ಕೆಳಗಿನ ಬೆಳೆಯಲ್ಲ ಎಂದು ಊರು ಒಪ್ಪಿತು, ತೂಬು ಅವರ ಕೈಯಲ್ಲೇ ಉಳಿಯಿತು. ಮರ ಹಳದಿ ತಿರುಗಿತು. ಅಂದಿನಿಂದ ಏರಿಯ ಮೇಲಿನ ಬೋರಿಂಗ್ ಕೈಪಂಪಿನಿಂದ ಮನೆಗೆ ಹೊತ್ತು ತಂದ ಬಿಂದಿಗೆಯೇ ಅದಕ್ಕೂ ಆಧಾರ. ಅಕ್ಕಿ ತೊಳೆದದ್ದು, ಪಾತ್ರೆ ಗಲಬರಿಸಿದ್ದು, ಮುಖ ತೊಳೆದದ್ದು, ಒಂದು ಹನಿಯೂ ಬೇರೆಡೆ ಚೆಲ್ಲುವುದಿಲ್ಲ. ಊರಿಗೆಲ್ಲ ಕೆರೆ ಹಂಚುವ ಕೈ ತನ್ನ ಮರಕ್ಕೆ ಚೊಂಬಿನಲ್ಲಿ ಉಣಿಸುವುದನ್ನು ಕಂಡು ನನಗೆ ಕಾಡಸಿದ್ದಪ್ಪನವರ ಮೇಲೆ ಸಿಟ್ಟೇ ಬಂತು. ಭೂತಮ್ಮನಿಗೆ ಇಲ್ಲ.

"ಅವ್ರು ಕೇಳಿದ್ದು ನ್ಯಾಯಾನೇ ಕಣಪ್ಪ. ನಾನಾದ್ರೂ ಕೇಳ್ತಿದ್ದೆ."

ಮರ ಉಳಿಯಿತು. ಉಳಿದದ್ದರಿಂದಲೇ ಕಾಡಸಿದ್ದಪ್ಪನವರ ಅನುಮಾನವೂ ಉಳಿದಿದೆ. ಕಾಲುವೆ ಪಕ್ಕ ಹೋಗುವಾಗಲೆಲ್ಲ ಆ ಜೇಡಿಮಣ್ಣನ್ನು ಕೋಲಿನಿಂದ ಚುಚ್ಚಿ ನೋಡುತ್ತಾರಂತೆ. ಭೂತಮ್ಮ ಕಂಡರೂ ಕಾಣದಂತೆ ಇರುತ್ತಾರೆ.

ಈ ಬೇಸಿಗೆ ಮರ ಮೊದಲ ಗೊನೆ ಬಿಟ್ಟಿದೆ. ಬೆಳಕು ಹರಿದಿದೆ, ತೂಬಿನ ಕೆಲಸ ಮುಗಿದಿದೆ. ಚೊಂಬನ್ನು ಬುಡಕ್ಕೆ ಬಗ್ಗಿಸಿ ಭೂತಮ್ಮ ತಲೆಯೆತ್ತಿ ಗೊನೆ ನೋಡುತ್ತಾರೆ. ಮಾರುತ್ತೀರಾ ಎಂದು ಕೇಳುತ್ತೇನೆ.

"ಮೊದ್ಲ ಎಳನೀರು ಕಾಡಸಿದ್ದಪ್ಪೋರಿಗೇ ಕೆತ್ತಿ ಕೊಡ್ತೀನಿ," ಎನ್ನುತ್ತಾರೆ. "ಕುಡುದು, ಇದು ಯಾವ ನೀರು ಅಂತ ಅವ್ರೇ ಒಂದು ಹೆಸ್ರು ಕೂಗ್ಲಿ."